ರೆಕ್ಕೆಯ ಹಿಮವೋ, ನೆಲದ ಕೆಸರೋ?

ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಡೆ ಮಳೆಗಾಲದಲ್ಲಿ ಗಾಡಿ ಹೊಡೆದವರಿಗೆ ಕೆಸರಿನ ಪ್ರತಾಪವನ್ನು ಬೇರೆ ಹೇಳಬೇಕಾಗಿಲ್ಲ. ಎತ್ತುಗಳು ಎಷ್ಟೇ ಬಲಿಷ್ಠವಾಗಿರಲಿ, ಕೆಸರು ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಈ ಸರಳ ಸಂಗತಿಯನ್ನು ವಿಮಾನವೊಂದರ ವಿಷಯದಲ್ಲಿ ಒಪ್ಪಿಕೊಳ್ಳಲು ಹನ್ನೊಂದು ವರ್ಷ ಹಿಡಿಯಿತು. ಅಷ್ಟು ಕಾಲವೂ ನಿರಪರಾಧಿಯೊಬ್ಬನು ಅಪವಾದ ಹೊತ್ತಿದ್ದನು.

1958ರ ಫೆಬ್ರವರಿ 6ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹಿಮ ಬೀಳುತ್ತಿತ್ತು. ಬೆಲ್‌ಗ್ರೇಡಿನಲ್ಲಿ ಪಂದ್ಯವಾಡಿ ಸ್ವದೇಶಕ್ಕೆ ಮರಳುತ್ತಿದ್ದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ವಿಮಾನ ಇಂಧನಕ್ಕಾಗಿ ಅಲ್ಲಿ ಇಳಿದಿತ್ತು. ಎಂಜಿನ್ನಿನ ಒತ್ತಡ ಏರುಪೇರಾದುದರಿಂದ ಎರಡು ಸಲ ಓಟವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಮೂರನೆಯ ಸಲ ವೇಗ 117 ನಾಟ್, ಅಂದರೆ ಗಂಟೆಗೆ ಸುಮಾರು 217 ಕಿಲೋಮೀಟರು ಮುಟ್ಟಿತು; ಮರುಕ್ಷಣವೇ 105 ನಾಟ್‌ಗೆ ಕುಸಿಯಿತು. ನಿಲ್ಲಿಸಲು ಸ್ಥಳವಿಲ್ಲ, ಮೇಲೇರಲು ವೇಗವಿಲ್ಲ! ವಿಮಾನ ಬೇಲಿಯನ್ನು ಮುರಿದುಕೊಂಡು ಹೋಗಿ ಮನೆಯೊಂದಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 44 ಮಂದಿಯಲ್ಲಿ 23 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಎಂಟು ಮಂದಿ ಆಟಗಾರರು. ಗೋಲ್‌ಕೀಪರ್ ಹ್ಯಾರಿ ಗ್ರೆಗ್ ಮಾತ್ರ, ತಾನು ಪಾರಾದ ಮೇಲೂ ಒಳಹೊಕ್ಕು, ಒಂದು ಹಸುಗೂಸನ್ನು ಎತ್ತಿ ತಂದನು.

ತಪ್ಪು ಯಾರದು? ಬದುಕುಳಿದಿದ್ದ ಕ್ಯಾಪ್ಟನ್ ಜೇಮ್ಸ್ ಥೇನ್‌ನ ಕಡೆಗೆ ಬೆರಳು ತಿರುಗಿತು. ರೆಕ್ಕೆಗಳ ಮೇಲಿನ ಹಿಮವನ್ನು ತೆಗೆಸದೆ ಹೊರಟನೆಂದು ಜರ್ಮನ್ ವಿಚಾರಣಾ ಮಂಡಳಿ ತೀರ್ಮಾನಿಸಿತು. ಅದಕ್ಕೆ ಆಧಾರವೋ, ಒಂದು ಛಾಯಾಚಿತ್ರ ಮತ್ತು ಅಪಘಾತವಾಗಿ ಸುಮಾರು ಆರು ಗಂಟೆಗಳ ಬಳಿಕ ಭಗ್ನ ರೆಕ್ಕೆಯ ಮೇಲೆ ಕಂಡ ಮಂಜುಗಡ್ಡೆ. ಆ ಆರು ಗಂಟೆಯೂ ಹಿಮ ಬೀಳುತ್ತಲೇ ಇತ್ತೆಂಬುದನ್ನು ಯಾರೂ ಗಣಿಸಲಿಲ್ಲ. ಥೇನ್‌ನ ಕೆಲಸ ಹೋಯಿತು.

ಆದರೆ ಆತ ಪಟ್ಟು ಬಿಡಲಿಲ್ಲ. ರೆಕ್ಕೆಯ ಹಿಮ ವಿಮಾನವನ್ನು ಏರಗೊಡದಿರಬಹುದು. ನೆಲದ ಮೇಲೆ ಓಡುತ್ತಿರುವಾಗಲೇ ವೇಗವನ್ನು ಹೀಗೆ ತಟಕ್ಕನೆ ಕುಗ್ಗಿಸಬಲ್ಲುದೆ? ಅರೆಕರಗಿದ ಹಿಮದ ರಾಡಿಗೆ ಮಾತ್ರ ಅದು ಸಾಧ್ಯ. ಓಟದ ಹಾದಿಯ ಮೊದಲ ಭಾಗವನ್ನು ಇತರ ವಿಮಾನಗಳು ತುಳಿದು ಹೋಗಿದ್ದವು. ಕೊನೆಯ ಭಾಗದ ರಾಡಿ ಹಾಗೆಯೇ ಉಳಿದಿತ್ತು. ಬ್ರಿಟನ್ನಿನಲ್ಲಿ ರಾಡಿಯೊಳಗೆ ವಿಮಾನಗಳನ್ನು ಓಡಿಸಿ ಪರೀಕ್ಷೆ ನಡೆಸಿದರು. ಮೂಲ ಛಾಯಾಚಿತ್ರದ ನೆಗೆಟಿವ್‌ನಲ್ಲಿ ರೆಕ್ಕೆಯ ಮೇಲೆ ಹಿಮವೇ ಕಾಣಲಿಲ್ಲ. 1969ರಲ್ಲಿ ಬ್ರಿಟಿಷ್ ವರದಿ ಥೇನ್ ನಿರ್ದೋಷಿಯೆಂದು ಸಾರಿತು. ಕಳೆದುಹೋದ ವರ್ಷಗಳನ್ನು ಮಾತ್ರ ಯಾವ ವರದಿಯೂ ಹಿಂದಿರುಗಿಸಲಾರದು. 1975ರಲ್ಲಿ, ಅರುವತ್ತು ತುಂಬುವ ಮೊದಲೇ, ಆತ ತೀರಿಕೊಂಡನು.

ಹಾಗೆಂದು ರೆಕ್ಕೆಯ ಹಿಮ ಸುಳ್ಳು ಭಯವಲ್ಲ. 1982ರ ಜನವರಿ 13ರಂದು ವಾಷಿಂಗ್‌ಟನ್ನಿನಲ್ಲಿ ಏರ್ ಫ್ಲೋರಿಡಾ ವಿಮಾನವು ಹಿಮ ಹೊತ್ತೇ ಮೇಲೆದ್ದು, ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿದ್ದಿತು. 78 ಮಂದಿ ಮಡಿದರು. ಒಂದು ಕಡೆ ಹಿಮ, ಇನ್ನೊಂದು ಕಡೆ ರಾಡಿ. ಕಾರಣವನ್ನು ಪ್ರತಿ ಸಲವೂ ಹೊಸದಾಗಿ ಹುಡುಕಬೇಕಲ್ಲದೆ, ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಅಳೆಯಬಾರದು.

2023ರಲ್ಲಿ ಶಿವಮೊಗ್ಗಕ್ಕೂ ವಿಮಾನ ನಿಲ್ದಾಣ ಬಂದಿತು. ಮಲೆನಾಡಿನ ಮಕ್ಕಳು ಹಿಮದ ನಾಡುಗಳಲ್ಲಿ ನೆಲಸಿದ್ದಾರೆ. ಅವರನ್ನು ನೋಡಲು ಹೋದ ತಾಯಿತಂದೆಯರು, ಹೊರಡುವ ಹೊತ್ತಿನಲ್ಲಿ ರೆಕ್ಕೆಗೆ ದ್ರವ ಸಿಂಪಡಿಸಲೆಂದೋ ಹಾದಿಯನ್ನು ಗುಡಿಸಲೆಂದೋ ವಿಮಾನ ತಡೆದಾಗ ಬೇಸರಪಡಬಾರದು. ಆ ಅರ್ಧ ಗಂಟೆಯ ಹಿಂದೆ ಮ್ಯೂನಿಕ್ಕಿನ ಇಪ್ಪತ್ತಮೂರು ಜೀವಗಳಿವೆ, ಒಬ್ಬ ಚಾಲಕನ ಹನ್ನೊಂದು ವರ್ಷಗಳಿವೆ.