ಜೀವದ ಲೆಕ್ಕ

ಕಲ್ಯಾಣಪುರದ ಸಂತೆಕಟ್ಟೆಯಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ಸಾಲನ್ನು ಕಂಡಾಗಲೆಲ್ಲ ನನಗೊಂದು ಯೋಚನೆ ಹುಟ್ಟುತ್ತದೆ: ಅಪಘಾತದಲ್ಲಿ ಹೋದ ಜೀವಕ್ಕೆ ಬೆಲೆ ಕಟ್ಟುವುದೆಂತು? ಕಟ್ಟಲಾಗದು, ನಿಜ. ಆದರೆ ಉಳಿದವರ ಅನ್ನಕ್ಕೊಂದು ಲೆಕ್ಕವುಂಟು. 2009ರ ಸರಳಾ ವರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿತು. ಮೃತರ ವಾರ್ಷಿಕ ಆದಾಯದಲ್ಲಿ ಅವರ ಸ್ವಂತ ಖರ್ಚನ್ನು ಕಳೆದು, ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 31ರಿಂದ 35ರವರೆಗಿನವರಿಗೆ ಆ ಅಂಕಿ 16. ಗೃಹಿಣಿಯ ದುಡಿಮೆಗೂ ಬೆಲೆಯುಂಟೆಂದು 2021ರಲ್ಲಿ ಅದೇ ನ್ಯಾಯಾಲಯ ಒತ್ತಿ ಹೇಳಿತು.

ಲೋಕ ಅದಾಲತ್ತಿನ ರಾಜಿಯನ್ನು ನಾನು ಹಳಿಯುವವನಲ್ಲ. ವರ್ಷಗಟ್ಟಲೆ ಅಲೆಯುವುದಕ್ಕಿಂತ ಅದು ಲೇಸಾಗಬಹುದು. ಆದರೆ ಅಲ್ಲಿ ರುಜು ಹಾಕಿದ ಮೇಲೆ ಮೇಲ್ಮನವಿಯಿಲ್ಲ. ದುಃಖದ ಭರದಲ್ಲಿ, ಲೆಕ್ಕವರಿಯದೆ ಒಪ್ಪಿದವರು ಮಕ್ಕಳ ಪಾಲನ್ನೇ ಬಿಟ್ಟುಕೊಟ್ಟಂತೆ. ಈ ಗುಣಾಕಾರವನ್ನು ನಮ್ಮ ಉಪಾಧ್ಯಾಯರು ಹೈಸ್ಕೂಲಿನಲ್ಲಿಯೇ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.