ಬಾವಿಗಿಳಿಯುವವನಿಗೂ ಗಣಿಯ ನಿಯಮ ಬೇಕು

ಗಣಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕೋಲಾರದ ಚಿನ್ನದ ಗಣಿ, ಇಲ್ಲವೇ ರಾಯಚೂರು ಜಿಲ್ಲೆಯ ಹಟ್ಟಿ. ನೆಲದೊಳಗೆ ಇಳಿದು ದುಡಿಯುವ ಅಪಾಯ ಅಲ್ಲಿಯವರದು, ತೆಂಗು ಬೆಳೆಯುವ ನಮ್ಮದಲ್ಲ ಎಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರು ತಿಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ. ಚಿಕ್ಕನಾಯಕನಹಳ್ಳಿ ಬೆಟ್ಟಸಾಲಿನ ಕಬ್ಬಿಣ, ಮ್ಯಾಂಗನೀಸ್ ಅದಿರನ್ನು ತೆಗೆದದ್ದೂ ಮೇಲಿನಿಂದ ಅಗೆದೇ ಹೊರತು ಸುರಂಗ ಕೊರೆದಲ್ಲ. ಆದರೆ ಹಾಲ್ಕುರಿಕೆ ಸುತ್ತಿನ ಯಾವುದಾದರೂ ಹಳೆಯ ತೋಟಕ್ಕೆ ಹೋಗಿ ನೋಡಿ. ಮೂಲೆಯಲ್ಲಿ ನಲವತ್ತು ಐವತ್ತು ಅಡಿಯ ಕಲ್ಲುಕಟ್ಟಡದ ಬಾವಿ ಇರುತ್ತದೆ. ಕೊಳವೆಬಾವಿ ಬಂದ ಮೇಲೆ ಅದರ ಹತ್ತಿರ ಯಾರೂ ಸುಳಿದಿಲ್ಲ. ತೆಂಗಿನ ಗರಿ, ಮಟ್ಟೆ, ಸೊಪ್ಪುಸದೆ ಬಿದ್ದು ತಳದಲ್ಲಿ ಕೊಳೆಯುತ್ತಿರುತ್ತದೆ. ಕೊಳವೆಬಾವಿ ಕೈಕೊಟ್ಟ ವರ್ಷ ತೋಟದವರಿಗೆ ಹಳೆಯ ಬಾವಿ ನೆನಪಾಗುತ್ತದೆ. ಹೂಳು ತೆಗೆಸಿ ಇನ್ನೊಂದು ಹತ್ತಡಿ ಇಳಿಸಿದರೆ ನೀರು ಸಿಕ್ಕೀತು ಎಂಬ ಆಸೆ. ಅಂದು ಅದರೊಳಗೆ ಇಳಿಯುವ ಕೂಲಿಯವನು ವೈದ್ಯನ ಲೆಕ್ಕದಲ್ಲಿ ಗಣಿ ಕಾರ್ಮಿಕನೇ. ಗಣಿಯವನಿಗೆ ಇರುವ ರಕ್ಷಣೆ ಮಾತ್ರ ಅವನಿಗಿಲ್ಲ.

ಬಾವಿಗಿಳಿದು ಇಬ್ಬರು ಸತ್ತರು, ಮೂವರು ಸತ್ತರು ಎಂಬ ಸುದ್ದಿಯನ್ನು ನೀವು ಇದೇ ಪತ್ರಿಕೆಯಲ್ಲಿ ಓದಿರುತ್ತೀರಿ. ಒಬ್ಬನೇ ಸತ್ತ ಸುದ್ದಿ ಕಡಿಮೆ, ಏಕೆಂದರೆ ಮೊದಲನೆಯವನು ಕುಸಿದದ್ದನ್ನು ಕಂಡು ಎರಡನೆಯವನು ಇಳಿಯುತ್ತಾನೆ. ಅವನು ತಮ್ಮನೋ, ಮಗನೋ, ಜೊತೆಗಾರನೋ ಆಗಿರುತ್ತಾನೆ. ಸೀಮಿತ ಗಾಳಿಯ ಜಾಗಗಳಲ್ಲಿ ಸತ್ತವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಬೇರೊಬ್ಬರನ್ನು ಉಳಿಸಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ನಮ್ಮ ಬಾವಿಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. "ಡಾಕ್ಟ್ರೆ, ನೀರು ಮೊಳಕಾಲುದ್ದವೂ ಇರ್ಲಿಲ್ಲ, ಈಜು ಬೇರೆ ಬರ್ತಿತ್ತು, ಹೆಂಗ್ ಸತ್ತ?" ಎಂದು ಮನೆಯವರು ಕೇಳುತ್ತಾರೆ. ಹಣೆಬರಹ, ಬಾವಿಯಲ್ಲಿ ಏನೋ ಇತ್ತು ಎಂಬ ಮಾತೂ ಬರುತ್ತದೆ. ಬಾವಿಯಲ್ಲಿ ಇದ್ದದ್ದು ಕೆಟ್ಟ ಗಾಳಿ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21ರಷ್ಟಿರುತ್ತದೆ. ಮುಚ್ಚಿದ ಬಾವಿಯ ತಳದಲ್ಲಿ ಕಸಕಡ್ಡಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಈ ಆಮ್ಲಜನಕವನ್ನು ತಿಂದು ಮುಗಿಸಿ ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತವೆ. ಅದು ಗಾಳಿಗಿಂತ ಒಂದೂವರೆ ಪಟ್ಟು ತೂಕವಾದದ್ದು. ಹಾಗಾಗಿ ಮೇಲೆದ್ದು ಹೋಗದೆ ಕೊಡದಲ್ಲಿ ನೀರು ನಿಂತಂತೆ ತಳದಲ್ಲಿ ನಿಲ್ಲುತ್ತದೆ. ಆಮ್ಲಜನಕ ಶೇ. 10ರ ಆಸುಪಾಸಿಗೆ ಇಳಿದರೆ ಮನುಷ್ಯ ಎಚ್ಚರ ತಪ್ಪುತ್ತಾನೆ. ಶೇ. 6ಕ್ಕಿಂತ ಕೆಳಗೆ ಹೋದರೆ ನಾಲ್ಕಾರು ಉಸಿರಿನಲ್ಲೇ ಕುಸಿಯುತ್ತಾನೆ. ಕೂಗಲೂ ಸಮಯವಿರುವುದಿಲ್ಲ.

ಇದರ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಇದೆ. ಕೊಳೆತ ಮೊಟ್ಟೆಯ ವಾಸನೆ ಇದರದೇ. ವಾಸನೆ ಬಂದರೆ ತಾನೇ ಹುಷಾರಾಗುತ್ತೇವೆ ಎಂದು ನಂಬಬೇಡಿ. ಪ್ರಮಾಣ ಹೆಚ್ಚಾದಂತೆ ಈ ಅನಿಲ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೇ ಕಸಿದುಬಿಡುತ್ತದೆ. ಮೊದಲು ನಾತ ಬಂತು, ಆಮೇಲೆ ಹೋಯಿತು ಎಂದು ಕೆಳಗಿರುವವನು ಹೇಳಿದರೆ ಅಪಾಯ ಕಳೆಯಿತೆಂದಲ್ಲ, ತಕ್ಷಣ ಮೇಲೆಳೆಯಬೇಕೆಂದು ಅರ್ಥ. ಹೂಳಿನಲ್ಲಿ ಹುದುಗಿರುವ ಈ ಅನಿಲ, ಸನಿಕೆ ಹಾಕಿ ಕೆದಕಿದಾಗ ಸೋಡಾ ಬಾಟಲಿ ಅಲುಗಾಡಿಸಿದಂತೆ ಒಮ್ಮೆಲೇ ಹೊರಬರುತ್ತದೆ. ಬೆಳಿಗ್ಗೆ ಇಳಿದು ಹತ್ತಿದವನು ಮಧ್ಯಾಹ್ನ ಸಾಯುವುದು ಹೀಗೆ. ನೀರು ಖಾಲಿ ಮಾಡಲೆಂದು ಡೀಸೆಲ್ ಎಂಜಿನನ್ನೇ ಬಾವಿಯೊಳಗೆ ಇಳಿಸುವ ಪದ್ಧತಿಯೂ ಉಂಟು. ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

"ದೀಪ ಇಳಿಸಿ ನೋಡಿದ್ದೆವು, ಚೆನ್ನಾಗೇ ಉರೀತಿತ್ತು" ಎನ್ನುವವರಿದ್ದಾರೆ. ಹಿರಿಯರು ಕಂಡುಕೊಂಡ ಈ ಪರೀಕ್ಷೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಮ್ಲಜನಕ ಶೇ. 16ರ ಸುತ್ತಮುತ್ತ ಇಳಿದಾಗ ದೀಪ ನಂದುತ್ತದೆ, ಮನುಷ್ಯ ಬೀಳುವ ಮುಂಚೆಯೇ. ಹೀಗಾಗಿ ದೀಪ ನಂದಿದರೆ ಇಳಿಯಕೂಡದು, ಅಷ್ಟು ಖಚಿತ. ಆದರೆ ದೀಪ ಉರಿದರೆ ಇಳಿಯಬಹುದು ಎಂಬುದು ಸುಳ್ಳು. ಜೀವ ತೆಗೆಯುವಷ್ಟು ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ಇದ್ದರೂ ದೀಪ ಆರಾಮಾಗಿ ಉರಿಯುತ್ತದೆ. ಗೋಬರ್ ಗ್ಯಾಸಿನಲ್ಲಿರುವ ಮೀಥೇನ್ ಸೇರಿಕೊಂಡಿದ್ದರೆ ಆ ದೀಪವೇ ಬೆಂಕಿ ಹೊತ್ತಿಸೀತು. ಇನ್ನು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಇಳಿಯುವುದರಿಂದ ಯಾವ ಅನಿಲವನ್ನೂ ತಡೆಯಲಾಗದು.

ಗಣಿಗಳವರು ಇದನ್ನೆಲ್ಲ ಜೀವ ತೆತ್ತು ಕಲಿತರು. ಕಲ್ಲಿದ್ದಲು ಗಣಿಗಳ ಸ್ಫೋಟದಲ್ಲಿ ಸತ್ತವರಲ್ಲಿ ಹೆಚ್ಚಿನವರು ಸುಟ್ಟು ಅಥವಾ ಬಡಿದು ಸಾಯಲಿಲ್ಲ, ಕಾರ್ಬನ್ ಮೊನಾಕ್ಸೈಡಿನಿಂದ ಸತ್ತರು ಎಂದು ಬ್ರಿಟನ್ನಿನ ವೈದ್ಯವಿಜ್ಞಾನಿ ಹಾಲ್ಡೇನ್ 1896ರಲ್ಲಿ ತೋರಿಸಿಕೊಟ್ಟರು. ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಒಯ್ಯುವ ಉಪಾಯವೂ ಅವರದೇ. ಮನುಷ್ಯನಿಗಿಂತ ಮೊದಲು ಹಕ್ಕಿ ಒರಗುತ್ತದೆ, ಕಾರ್ಮಿಕ ಹಿಂದಿರುಗುತ್ತಾನೆ. ಯಂತ್ರಗಳು ಆ ಕೆಲಸ ವಹಿಸಿಕೊಂಡ ಮೇಲೆ, 1986ರಲ್ಲಿ, ಬ್ರಿಟನ್ನಿನ ಗಣಿಗಳು ಹಕ್ಕಿಯನ್ನು ಕೈಬಿಟ್ಟವು.

ನಮ್ಮ ಕೋಲಾರವನ್ನೇ ನೋಡಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಆರಂಭಿಸಿದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚುವ ಹೊತ್ತಿಗೆ ಮೂರು ಕಿಲೋಮೀಟರಿಗೂ ಆಳ ಹೋಗಿದ್ದವು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಗಾಳಿಯನ್ನು ತಣಿಸಿ ಕೆಳಗೆ ದೂಡಬೇಕಿತ್ತು. ಒತ್ತಡ ತಾಳಲಾರದೆ ಬಂಡೆಯೇ ಸಿಡಿಯುವ 'ರಾಕ್ ಬರ್ಸ್ಟ್' ಅಲ್ಲಿನವರನ್ನು ನಿದ್ದೆಯಲ್ಲೂ ಬೆಚ್ಚಿಬೀಳಿಸುತ್ತಿತ್ತು. ಅದಿರು ತೆಗೆದ ಜಾಗವನ್ನು ಗ್ರಾನೈಟ್ ಕಲ್ಲು ಪೇರಿಸಿ ತುಂಬಿದರು, ಕಂಪನ ದಾಖಲಿಸಲು 1912ರಷ್ಟು ಹಿಂದೆಯೇ ಯಂತ್ರ ಇಟ್ಟರು. ಇಷ್ಟಾದರೂ ಸಾವುಗಳು ನಿಲ್ಲಲಿಲ್ಲ. ಆದರೆ ಪ್ರತಿ ಸಾವಿಗೂ ಒಂದು ದಾಖಲೆ, ಒಂದು ವಿಚಾರಣೆ, ಉತ್ತರ ಹೇಳಬೇಕಾದ ಒಬ್ಬ ಮ್ಯಾನೇಜರ್ ಇದ್ದರು. ದೇಶದ ಲೋಹದ ಗಣಿಗಳಿಗಾಗಿ 1961ರಲ್ಲಿ ಬಂದ ನಿಯಮಾವಳಿ, ದುಡಿಯುವ ಜಾಗದ ಗಾಳಿಯಲ್ಲಿ ಆಮ್ಲಜನಕ ಶೇ. 19ಕ್ಕಿಂತ ಕಡಿಮೆ ಇರಕೂಡದು, ಇಂಗಾಲದ ಡೈ ಆಕ್ಸೈಡ್ ಶೇ. 0.5 ಮೀರಕೂಡದು ಎಂದು ಗೆರೆ ಎಳೆಯಿತು. ನಮ್ಮ ಬಾವಿಯ ತಳದಲ್ಲಿ ಎಷ್ಟಿದೆ ಎಂದು ಅಳೆದವರುಂಟೆ?

ಬಾವಿಯಲ್ಲಿ ಬಂಡೆ ಸಿಕ್ಕಿದಾಗ ಕುಳಿ ಹೊಡೆದು ಜಿಲೆಟಿನ್ ಸಿಡಿಸುತ್ತಾರಷ್ಟೆ. ಈ ಹೊಗೆಯ ವಿಷಯ ಮನೆಯವರಿಗೂ ಗೊತ್ತಿರಬೇಕು. ಅದರಲ್ಲಿ ಕಾರ್ಬನ್ ಮೊನಾಕ್ಸೈಡಿನ ಜೊತೆಗೆ ನೈಟ್ರೋಜನ್ ಡೈ ಆಕ್ಸೈಡ್ ಇರುತ್ತದೆ. ಅದನ್ನು ಕುಡಿದವನಿಗೆ ಆಗ ಗಂಟಲು ಕೆರೆತ, ಸ್ವಲ್ಪ ಕೆಮ್ಮು, ಅಷ್ಟೆ. ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಹಲವು ಗಂಟೆಗಳ ನಂತರ, ಅನೇಕ ವೇಳೆ ನಡುರಾತ್ರಿಯಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಆದ್ದರಿಂದ ಸಿಡಿಮದ್ದಿನ ಹೊಗೆ ಕುಡಿದವನು ಎಷ್ಟೇ ಚೆನ್ನಾಗಿ ಕಂಡರೂ ಅಂದೇ ಆಸ್ಪತ್ರೆಗೆ ಬರಬೇಕು, 'ಮದ್ದಿನ ಹೊಗೆ ಕುಡಿದಿದ್ದೇನೆ' ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಗಣಿಯಲ್ಲಿ ಮದ್ದು ಸಿಡಿದ ಮೇಲೆ ಹೊಗೆ ಪೂರ್ತಿ ತೆರವಾಗಿ, ಹೊಣೆಗಾರ ನೋಡಿ ಬರುವವರೆಗೆ ಕೆಲಸದವರಿಗೆ ಪ್ರವೇಶವಿಲ್ಲ. ಬಾವಿಯಲ್ಲಿ ಒಂದು ಬೀಡಿ ಸೇದುವಷ್ಟು ಹೊತ್ತು ಕಾದು ಇಳಿಯುತ್ತಾರೆ. ಆ ಬೀಡಿಯನ್ನು ಬಾಯಲ್ಲಿಟ್ಟುಕೊಂಡೇ ಇಳಿಯುವವರೂ ಇದ್ದಾರೆ!

ಕೋಲಾರ ಕಲಿಸಿದ ಇನ್ನೊಂದು ಪಾಠ ದೂಳಿನದು. ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಭಾರತದಲ್ಲಿ ಮೊದಲು ವರದಿಯಾದದ್ದು ಅಲ್ಲಿಯೇ, 1947ರಲ್ಲಿ. ಒಣ ಕಲ್ಲು ಕೊರೆದ ದೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುತ್ತದೆ, ಕ್ಷಯವೂ ಸುಲಭವಾಗಿ ಅಂಟುತ್ತದೆ, ಗುಣಪಡಿಸುವ ಔಷಧಿ ಇಲ್ಲ. ಕೊರೆಯುವಾಗ ನೀರು ಹಾಯಿಸಿದರೆ ದೂಳು ಏಳುವುದಿಲ್ಲ. ಬಾವಿಯ ಕಂಪ್ರೆಸರಿನವರಿಗೂ, ಜಲ್ಲಿ ಕ್ರಷರಿನವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ತೋಟದ ಯಜಮಾನರು ಮಾಡಬೇಕಾದದ್ದೇನು? ಮೊದಲು, ಇಳಿಯಲೇಬೇಕೆ ಎಂದು ಕೇಳಿಕೊಳ್ಳಿ. ಕಸ, ಹೂಳಿನ ಬಹುಪಾಲನ್ನು ಮೇಲಿನಿಂದಲೇ ಯಂತ್ರದಲ್ಲಿ ಎತ್ತಿಸಬಹುದು. ಇಳಿಯಲೇಬೇಕೆಂದರೆ ಒಂದು ದಿನ ಮುಂಚೆ ಮುಚ್ಚಳ ತೆಗೆದು, ಬ್ಲೋಯರ್ ಪೈಪನ್ನು ತಳದವರೆಗೆ ಇಳಿಸಿ ಹೊಸ ಗಾಳಿ ಊದಿಸಿ. ಜನ ಕೆಳಗಿರುವಷ್ಟು ಹೊತ್ತೂ ಅದು ನಡೆಯುತ್ತಿರಬೇಕು. ಸೊಪ್ಪಿನ ಕೊಂಬೆ ಇಳಿಸಿ ಆಡಿಸುವುದರಿಂದ ಗಾಳಿ ಸ್ವಲ್ಪ ಕಲಕುತ್ತದೆ, ಅಷ್ಟನ್ನೇ ನಂಬಿ ಜೀವ ಇಳಿಸಲಾಗದು. ಎಂಜಿನ್, ಜನರೇಟರ್ ಬಾವಿಯ ಒಳಗೂ ಬೇಡ, ಬಾಯಿಯ ಹತ್ತಿರವೂ ಬೇಡ. ಇಳಿಯುವವನ ಎದೆ, ಭುಜ, ತೊಡೆ ಬಳಸಿ ಬೆಲ್ಟ್ ಕಟ್ಟಿ, ಅದರ ಹಗ್ಗ ರಾಟೆಯ ಮೂಲಕ ಮೇಲಿರುವವರ ಕೈಯಲ್ಲಿರಲಿ. ಸೊಂಟಕ್ಕೆ ಮಾತ್ರ ಕಟ್ಟಿದರೆ ಎಚ್ಚರ ತಪ್ಪಿದ ದೇಹ ಮಡಿಚಿಕೊಂಡು ಮೇಲೆ ಬರುವುದಿಲ್ಲ. ಈ ಒಂದು ಹಗ್ಗವಿದ್ದರೆ ಎರಡನೆಯವನು ಇಳಿಯುವ ಪ್ರಮೇಯವೇ ಬರುವುದಿಲ್ಲ. ಕೆಳಗಿರುವವನನ್ನು ಆಗಾಗ ಮಾತಾಡಿಸುತ್ತಿರಿ. ಉತ್ತರ ತಡವಾದರೆ ಎಳೆದುಬಿಡಿ, ಕಾರಣ ಆಮೇಲೆ ಕೇಳೋಣ.

ಹಗ್ಗವಿಲ್ಲದೆ ಬಿದ್ದಿದ್ದರೆ? ಗಾಳಿ ಊದಿಸುತ್ತಾ 112ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳವನ್ನು, ಆಂಬುಲೆನ್ಸನ್ನು ಕರೆಯಿರಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ತರಬೇತಾದವರ ಹೊರತು ಯಾರೂ ಇಳಿಯಕೂಡದು. ಅಣ್ಣ ಕಣ್ಣೆದುರಿಗೆ ಬಿದ್ದಿರುವಾಗ ತಮ್ಮನನ್ನು ಹಿಡಿದು ನಿಲ್ಲಿಸುವುದು ಕಲ್ಲೆದೆಯ ಕೆಲಸ ಎನಿಸುತ್ತದೆ, ನಿಜ. ನಾಲ್ಕು ಜನ ಸೇರಿ ಹಿಡಿದು ನಿಲ್ಲಿಸಿ. ಮೇಲೆ ತಂದವನನ್ನು ಬಯಲಿನ ಗಾಳಿಯಲ್ಲಿ ಅಂಗಾತ ಮಲಗಿಸಿ, ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಬಾರಿ ಒತ್ತಿ, ಮೂವತ್ತು ಸಲ ಒತ್ತಿದ ಮೇಲೆ ಎರಡು ಸಲ ಬಾಯಿಗೆ ಬಾಯಿಟ್ಟು ಗಾಳಿ ಊದಿ. ಬಾಯಿಗೆ ನೀರು ಹುಯ್ಯುವುದು, ಈರುಳ್ಳಿ ಮೂಸಿಸುವುದು ಬೇಡ.

ಮನೆಯ ಶೌಚಗುಂಡಿಗೂ ಇದೇ ಗಾಳಿಯ ಅಪಾಯವಿದೆ. ರಕ್ಷಣೆಯಿಲ್ಲದೆ ಅದಕ್ಕೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ತೋಟದ ಬಾವಿಗೆ ಇಳಿಯುವವನ ಪರವಾಗಿ ಇಷ್ಟು ಸ್ಪಷ್ಟವಾದ ಮಾತನ್ನು ಯಾರೂ ಆಡಿಲ್ಲ. ಅವನು ಸಾಮಾನ್ಯವಾಗಿ ಜಮೀನಿಲ್ಲದವನು, ದಿನಗೂಲಿಯವನು, 'ಗಾಳಿ ನೋಡದೆ ಇಳಿಯಲ್ಲ' ಎಂದರೆ ನಾಳೆ ಬೇರೆಯವನನ್ನು ಕರೆಯುತ್ತಾರೆಂದು ಹೆದರುವವನು. ಆದ್ದರಿಂದ ಆ ಮಾತು ಅವನ ಬಾಯಿಂದ ಬರಲಿ ಎಂದು ಕಾಯದೆ ಪಂಚಾಯಿತಿಯೇ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಬಾವಿ ಕೆಲಸಕ್ಕೆ ಮುಂಚೆ ಗ್ರಾಮ ಪಂಚಾಯಿತಿಗೆ ತಿಳಿಸುವುದು, ಗಾಳಿ ಅಳೆದ ಮೇಲಷ್ಟೇ ಇಳಿಸುವುದು ಎಂದು ಗ್ರಾಮಸಭೆಯಲ್ಲಿ ಗೊತ್ತುಪಡಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಆಮ್ಲಜನಕ, ಮೀಥೇನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುವ ಅಂಗೈ ಗಾತ್ರದ ಮಾಪಕಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ದಾರಕ್ಕೆ ಕಟ್ಟಿ ತಳದವರೆಗೆ ಇಳಿಸಿ, ಮೇಲೆ, ನಡುವೆ, ಕೆಳಗೆ ಮೂರು ಕಡೆ ನೋಡಬೇಕು. ಕೆಲಸ ನಡೆಯುವಾಗ ಅದು ಇಳಿದವನ ಎದೆಯ ಮೇಲೇ ಇರಬೇಕು. ಆಗಾಗ ಸರಿಹೊಂದಿಸದಿದ್ದರೆ ಸುಳ್ಳು ಹೇಳುವ ಯಂತ್ರವಿದು. ಹಾಗಾಗಿ ಪ್ರತಿ ಪಂಚಾಯಿತಿಯೂ ಒಂದೊಂದು ಕೊಂಡು ಬೀರುವಿನಲ್ಲಿ ಬೀಗ ಹಾಕಿಡುವ ಬದಲು, ತಾಲ್ಲೂಕಿನ ಅಗ್ನಿಶಾಮಕ ಠಾಣೆಯಲ್ಲಿ ಎರಡು ಮೂರು ಮಾಪಕ, ಬ್ಲೋಯರ್, ಬೆಲ್ಟ್ ಇರಿಸಿ, ಕೇಳಿದವರ ತೋಟಕ್ಕೆ ಬಳಸಲು ಬಲ್ಲ ಒಬ್ಬ ಸಿಬ್ಬಂದಿಯ ಜೊತೆ ಕಳಿಸುವುದು ಮೇಲು. ಬೇಸಿಗೆಯಲ್ಲಿ ಬಾವಿ ಕೆಲಸ ಶುರುವಾಗುವ ಮುಂಚೆ ಈ ಏರ್ಪಾಡು ಆಗಬೇಕು.