ಕೊಳ್ಳುವ ಮುನ್ನ: ಮುಂಗೈಯ ಕಾವಲುಗಾರ

ಕೈಗಡಿಯಾರವೆಂಬುದು ಒಂದು ಕಾಲದಲ್ಲಿ ಗೃಹಸ್ಥನ ಪ್ರತಿಷ್ಠೆಯ ಕುರುಹಾಗಿದ್ದಿತು. 1961ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಗಡಿಯಾರಗಳನ್ನು ತಯಾರಿಸತೊಡಗಿದ ಮೇಲೆ, ಮದುವೆಯಲ್ಲಿ ಅಳಿಯನಿಗೂ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೂ ಅದೇ ಉಡುಗೊರೆಯಾಯಿತು. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕು, ತಂದೆಯ ಕೈಯಿಂದ ಮಗನ ಕೈಗೆ ದಾಟಿದರೂ ಅದು ನಡೆಯುತ್ತಿತ್ತು. ಆ ಕೈಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ಈಗ ಉಡುಗೊರೆಯ ದಿಕ್ಕೇ ತಿರುಗಿದೆ. ಮಗನು ತಂದೆಗೆ ಗಡಿಯಾರ ಕಳುಹಿಸುತ್ತಾನೆ. ಅದೂ ವೇಳೆ ನೋಡುವುದಕ್ಕಲ್ಲ, ತಂದೆಯ ಎದೆಬಡಿತವನ್ನು ಎಣಿಸುವುದಕ್ಕೆ.

ಪಡುಬಿದ್ರಿಯಿಂದ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿರುವ ನಂದಿಕೂರಿನಂಥ ಊರುಗಳಲ್ಲಿ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ದುಬಾಯಿಯಲ್ಲಿ. ತೋಟದ ನಡುವಣ ಮನೆಯಲ್ಲಿ ವಯಸ್ಸಾದ ಇಬ್ಬರೇ. ಮಳೆಗಾಲದ ರಾತ್ರಿಯಲ್ಲಿ ಹಿರಿಯರಿಗೆ ಎದೆಯಲ್ಲಿ ಏನಾದರೂ ಆದರೆ ಎಂಬ ಅಂಜಿಕೆ ದೂರದಲ್ಲಿರುವ ಮಕ್ಕಳನ್ನು ಬಿಡದು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಂದಿನಿಂದ ಈ ಅಂಜಿಕೆ ನಾಡಿಗೆ ನಾಡೇ ಹಬ್ಬಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬುದು ನಿಜ. ಆದರೆ ಗುಂಡಿಗೆಯ ಲಯ ಕಣ್ಣಿಗೆ ಕಾಣುವಂಥದಲ್ಲವಷ್ಟೆ?

ಮೊದಲು ಗುಣವನ್ನು ನೋಡೋಣ. ಈ ಸ್ಮಾರ್ಟ್‌ವಾಚಿನ ಬೆನ್ನಿನಿಂದ ಹೊರಡುವ ಹಸಿರು ಬೆಳಕನ್ನು ರಕ್ತವು ಹೀರಿಕೊಳ್ಳುತ್ತದೆ. ನಾಡಿ ಮಿಡಿದಾಗ ರಕ್ತ ಹೆಚ್ಚು, ನಡುವಿನಲ್ಲಿ ಕಡಿಮೆ. ಆ ಏರಿಳಿತದಿಂದಲೇ ಬಡಿತದ ಲೆಕ್ಕ. ಆಪಲ್ ಸಂಸ್ಥೆಯ ಗಡಿಯಾರಕ್ಕೆ 2018ರಲ್ಲಿ ಇ.ಸಿ.ಜಿ. ತೆಗೆಯುವ ಶಕ್ತಿಯೂ ಬಂದಿತು. ಇನ್ನೊಂದು ಕೈಯ ಬೆರಳನ್ನು ಅದರ ತಿರುಪಿನ ಮೇಲೆ 30 ಸೆಕೆಂಡು ಇಟ್ಟರೆ ಗುಂಡಿಗೆಯ ಲಯ ತಪ್ಪಿದೆಯೇ ಎಂಬುದನ್ನು ಅದು ಸೂಚಿಸುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಈ ಲಯದೋಷವು ಪಾರ್ಶ್ವವಾಯುವಿಗೆ ದಾರಿಯಾಗಬಲ್ಲುದಾದ್ದರಿಂದ, ಮೊದಲೇ ತಿಳಿದರೆ ಲಾಭವುಂಟು. ತೊಟ್ಟವರು ಜೋರಾಗಿ ಬಿದ್ದು ಒಂದು ನಿಮಿಷದಷ್ಟು ಕಾಲ ಅಲುಗದೆ ಇದ್ದರೆ ತಾನಾಗಿಯೇ ತುರ್ತು ಕರೆ ಮಾಡುವ ಏರ್ಪಾಡೂ ಇದೆ. ಬಚ್ಚಲಿನಲ್ಲಿ ಕಾಲು ಜಾರಿದ ವೃದ್ಧರ ಪಾಲಿಗೆ ಇದು ಸಣ್ಣ ಮಾತಲ್ಲ.

ಇನ್ನು ಕೊರತೆ. ಆಸ್ಪತ್ರೆಯ ಇ.ಸಿ.ಜಿ. ಯಂತ್ರವು ಗುಂಡಿಗೆಯನ್ನು ಹನ್ನೆರಡು ದಿಕ್ಕುಗಳಿಂದ ನೋಡುತ್ತದೆ. ಈ ಗಡಿಯಾರ ನೋಡುವುದು ಒಂದೇ ದಿಕ್ಕಿನಿಂದ. ಆದುದರಿಂದ ಇದು ಹೃದಯಾಘಾತವನ್ನು ಗುರುತಿಸಲಾರದು. ತಯಾರಕರೇ ಹಾಗೆಂದು ಹೇಳಿದ್ದಾರೆ. ಅತ್ಯಂತ ಮುಖ್ಯವಾದ ಈ ಮಾತನ್ನೇ ಜನ ಮರೆಯುವುದು. ಎದೆ ನೋಯುತ್ತಿರುವಾಗ “ಗಡಿಯಾರ ಸರಿಯಾಗಿದೆ ಎನ್ನುತ್ತದೆ” ಎಂದು ಮಲಗಿಕೊಂಡವರಿಗೆ ಅದು ಕಾವಲುಗಾರನಲ್ಲ, ವೈರಿ.

ಸುಳ್ಳು ಗಾಬರಿಯ ಮಾತೂ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ನಾಲ್ಕು ಲಕ್ಷಕ್ಕೂ ಹೆಚ್ಚು ಜನರಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಯ ತಪ್ಪಿದೆಯೆಂಬ ಎಚ್ಚರಿಕೆ ಬಂದುದು ನೂರಕ್ಕೆ ಸುಮಾರು ಅರ್ಧ ಮಂದಿಗೆ ಮಾತ್ರ. ಹಾಗೆ ಎಚ್ಚರಿಕೆ ಬಂದವರಲ್ಲಿ, ಎದೆಗೆ ಪಟ್ಟಿ ಅಂಟಿಸಿ ಪರೀಕ್ಷಿಸಿಕೊಂಡವರ ಪೈಕಿ ನೂರಕ್ಕೆ 34 ಮಂದಿಯಲ್ಲಿ ದೋಷ ಕಂಡಿತು. ಈ ದೋಷ ಬಂದು ಹೋಗುವಂಥದಾದ್ದರಿಂದ ಉಳಿದುದೆಲ್ಲವೂ ಸುಳ್ಳೆನ್ನಲಾಗದು. ಆದರೆ ಎಚ್ಚರಿಕೆಯೇ ರೋಗವಲ್ಲವೆಂಬುದಂತೂ ಸ್ಪಷ್ಟ. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುವೆವೆಂದು ಸಾರುವ ಗಡಿಯಾರಗಳನ್ನಂತೂ ನಂಬಲೇಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2024ರಲ್ಲಿ ಎಚ್ಚರಿಸಿದೆ.

ಬೆಲೆಯನ್ನೂ ತೂಗಬೇಕು. 2022ರಲ್ಲಿ ಬಂದ ಆಪಲ್ ವಾಚ್ ಅಲ್ಟ್ರಾಕ್ಕೆ ಭಾರತದಲ್ಲಿ ಇಟ್ಟ ಬೆಲೆ 89,900 ರೂಪಾಯಿ. ಅದೇ ವರ್ಷದ ಸೀರೀಸ್ 8ಕ್ಕೆ 45,900ರಿಂದ ಮೊದಲು, ಎಸ್.ಇ.ಗೆ 29,900ರಿಂದ. ಇ.ಸಿ.ಜಿ. ಮೊದಲೆರಡರಲ್ಲಿಯೂ ಉಂಟು, ಬಿದ್ದುದನ್ನು ತಿಳಿಯುವ ಏರ್ಪಾಡು ಮೂರರಲ್ಲಿಯೂ ಉಂಟು. ಹಾಗಾದರೆ ದುಬಾರಿ ಗಡಿಯಾರದಲ್ಲಿ ಹೆಚ್ಚಿಗೆ ದೊರೆಯುವುದೇನು? ಟೈಟಾನಿಯಂ ಕವಚ, ಕಡಲಲ್ಲಿ 40 ಮೀಟರು ಮುಳುಗುವ ತಾಳಿಕೆ, 180 ಮೀಟರು ದೂರಕ್ಕೆ ಕೇಳುವ ಸೈರನ್, 18 ಗಂಟೆಯ ಬದಲು 36 ಗಂಟೆ ನಡೆಯುವ ಬ್ಯಾಟರಿ. ತೋಟದ ಮೂಲೆಯಲ್ಲಿ ಒಬ್ಬರೇ ಓಡಾಡುವವರಿಗೆ ಸೈರನ್ ಉಪಕಾರಿಯಾದೀತು. ಕಡಲಿನಲ್ಲಿ ಮುಳುಗುವ ಹಿರಿಯರು ಎಷ್ಟು ಮಂದಿ? ಮೇಲಾಗಿ ಮೂರಕ್ಕೂ ಐಫೋನ್ ಬೇಕೇ ಬೇಕು. ಅದಿಲ್ಲದ ಮನೆಗೆ ಅದರ ಖರ್ಚೂ ಸೇರಿತು.

ಆರೈಕೆಯೂ ಬೇಡವೆನ್ನುವಂತಿಲ್ಲ. ಪಟ್ಟಿ ಸಡಿಲವಾದರೆ ಲೆಕ್ಕ ತಪ್ಪುತ್ತದೆ. ಪಕ್ಕದ ಎಲ್ಲೂರಿನಲ್ಲಿ 1200 ಮೆಗಾವಾಟ್ ಶಕ್ತಿಯ ವಿದ್ಯುತ್ ಸ್ಥಾವರವಿದ್ದರೂ, ಗಾಳಿಮಳೆಗೆ ತಂತಿ ಹರಿದ ರಾತ್ರಿ ಚಾರ್ಜು ಮಾಡುವ ಬಗೆ ಹೇಗೆ? ಬ್ಯಾಟರಿ ಮುಗಿದರೆ ಕಾವಲೂ ಮುಗಿಯಿತು.

ಹೃದಯಾಘಾತಕ್ಕೆ ಬೇಕಾದುದು ಬೇರೆಯೇ ಬಲೆ. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಯೋಜನೆಯು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ವಾಟ್ಸಾಪಿನ ಮೂಲಕ ತಜ್ಞರ ಸಲಹೆ ದೊರಕಿಸಿತು. ಸರಕಾರವು 2023ರಲ್ಲಿ ಪುನೀತರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ತಂದು, ರಕ್ತದ ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ಮಣಿಪಾಲದಲ್ಲಿ 1953ರಿಂದಲೂ ವೈದ್ಯ ಕಾಲೇಜು ಇದೆ. ಇವುಗಳ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ತಲಪುವುದೇ ಮುಖ್ಯ.

ಒಟ್ಟಿನಲ್ಲಿ, ಎದೆ ಹಾರುವ ತೊಂದರೆಯುಳ್ಳವರು ವೈದ್ಯರನ್ನು ಕೇಳಿ ಇ.ಸಿ.ಜಿ. ಉಳ್ಳ ನಡುಬೆಲೆಯ ಗಡಿಯಾರ ಕೊಂಡರೆ ಹಣ ಪೋಲಾಗದು. ಬೀಳುವ ಭಯ ಮಾತ್ರವಿದ್ದವರಿಗೆ ಅಗ್ಗದ್ದೇ ಸಾಕು. ಅತಿ ಬೆಲೆಯದು ಶೋಕಿಯ ಬಾಬತ್ತು. ಶೋಕಿ ತಪ್ಪಲ್ಲ, ಅದನ್ನು ಔಷಧವೆಂದು ಲೆಕ್ಕ ಬರೆಯಬಾರದಷ್ಟೆ. ಯಾವುದನ್ನು ಕೊಂಡರೂ, ನೆರೆಮನೆಯವರ ದೂರವಾಣಿ ಸಂಖ್ಯೆಯನ್ನೂ 108 ಎಂಬ ಅಂಕೆಯನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಬಾಗಿಲಿನ ಇನ್ನೊಂದು ಬೀಗದ ಕೈಯನ್ನು ನೆರೆಯವರಲ್ಲಿ ಕೊಟ್ಟಿರುವುದು ಒಳ್ಳೆಯದು. ಗಡಿಯಾರ ಕೂಗಿ ಕರೆದಾಗ ಓಡಿಬಂದು ಬಾಗಿಲು ತೆರೆಯಬೇಕಾದವರು ಅವರೇ.